ಚೀಟಿಯಲ್ಲಿ ಬಂದ ಹನ್ನೆರಡು

ಮೂರನೆಯ ಏಟಿಗೆ ಕೀಲಿ ಬಾಯಿ ಬಿಟ್ಟಿತು.

“ಗಟ್ಟಿ ಮಾಲ್ ಇತ್ರಿ ಸಾಹೇಬ್ರ,” ಎಂದು ಮೈಬೂಬ ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಂಡ. ಬ್ಯಾಂಕಿನವರು ಯಾರ ಮನೆಯ ಮುಂದೆ ನಿಲ್ಲಿಸಿದರೂ ಕೀಲಿ ಒಡೆದು ಕೊಡುವುದು ಅವನ ಕಸುಬು. “ಸಣ್ಣ ಮನಿ ಕೀಲೀನ ಗಟ್ಟಿ ಇರತಾವ ನೋಡ್ರಿ. ಬಂಗಲೇದಾವು ಒಂದ ಏಟಿಗೆ ಉದುರತಾವ.”

ವಕೀಲ ಅರುಣಕುಮಾರ ಹೊಸ್ತಿಲು ದಾಟಿದ. ಇಂದು ಅವನು ಕೋರ್ಟ್ ಕಮಿಷನರ್. ಸಾಲ ತೀರಿಸದ ಶಂಕರೆಪ್ಪ ಎಂಬವರು ಬ್ಯಾಂಕಿಗೆ ಒತ್ತೆಯಿಟ್ಟ ಮನೆಯನ್ನು ವಶಕ್ಕೆ ತೆಗೆದುಕೊಂಡು, ಒಳಗಿನ ಸಾಮಾನು ಪಟ್ಟಿ ಮಾಡಿ, ಸೀಲು ಹಾಕಿ ಬ್ಯಾಂಕಿಗೆ ಒಪ್ಪಿಸಬೇಕೆಂದು ಕೋರ್ಟಿನ ಆದೇಶವಾಗಿತ್ತು. ಬಸವನ ಬಾಗೇವಾಡಿ ತಾಲೂಕು, ಮರಡಿಗೇರಿ ಪುನರ್ವಸತಿ ಕೇಂದ್ರ, ಪ್ಲಾಟ್ ನಂಬರ್ ನೂರಾ ನಲವತ್ತೇಳು ಎಂದು ಆದೇಶದಲ್ಲಿತ್ತು. ಬಾಗಿಲ ಮೇಲೆ ನೀಲಿ ಬಣ್ಣದಲ್ಲಿ ಬರೆದದ್ದೂ ಅದೇ ನಂಬರು.

ಒಳಗೆ ಬೇಳೆ ಬೆಂದ ವಾಸನೆಯಿತ್ತು.

ಬಿಟ್ಟುಹೋದ ಮನೆಗೆ ಒಂದು ವಾಸನೆಯಿರುತ್ತದೆ, ಇಲಿ ಹಿಕ್ಕೆಯದು, ಮುಗ್ಗಿದ ಹಾಸಿಗೆಯದು. ಎಂಟು ವರ್ಷಗಳಿಂದ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎನ್ನದೆ ಕಂಡವರ ಬಾಗಿಲು ತೆಗೆಸಿ ತೆಗೆಸಿ ಅವನ ಮೂಗು ಅದನ್ನು ಹೊಸ್ತಿಲಲ್ಲೇ ಹಿಡಿಯುತ್ತಿತ್ತು. ಇಲ್ಲಿ ಹಾಗಿರಲಿಲ್ಲ. ಬೆಳಿಗ್ಗೆ ಯಾರೋ ಬೇಳೆ ಕುದಿಸಿ, ಕುಕ್ಕರಿನ ಮುಚ್ಚಳ ತೆಗೆಯಲೂ ಹೊತ್ತಿಲ್ಲದೆ ಕೆಲಸಕ್ಕೆ ಓಡಿದ್ದರು. ಹಗ್ಗದ ಮೇಲೆ ಒದ್ದೆ ಲಂಗವಿತ್ತು. ಕಿಟಕಿಯಲ್ಲಿ ಹಲ್ಲು ಮುರಿದ ಬಾಚಣಿಗೆ, ಅದಕ್ಕೆ ಸುತ್ತಿದ ಬಿಳಿಗೂದಲ ಉಂಡೆ. ಪರರ ಮನೆಯ ಹೆಣ್ಣುಮಗಳ ಬಾಚಣಿಗೆಯನ್ನು ಕರಿ ಕೋಟು ಹಾಕಿಕೊಂಡು ನೋಡುತ್ತ ನಿಂತದ್ದಕ್ಕೆ ಅವನಿಗೆ ತನ್ನ ಮೇಲೇ ಹೇಸಿಕೆ ಬಂದಿತ್ತು. ಈಚೆಗೆ ಇದು ಪ್ರತಿ ಮನೆಯಲ್ಲೂ ಆಗುತ್ತಿತ್ತು. ಆದರೂ ಬ್ಯಾಂಕಿನಿಂದ ಫೋನು ಬಂದಾಗ ಇಲ್ಲ ಎಂದಿರಲಿಲ್ಲ.

“ಬೇಗ ಮುಗಿಸೋಣ ಸರ್. ಪೊಲೀಸ್ ಬಂದೋಬಸ್ತು ಎರಡು ಗಂಟೆವರೆಗೆ ಮಾತ್ರ,” ಎಂದ ಬ್ಯಾಂಕಿನ ಅಧಿಕಾರಿ ಚೇತನಕುಮಾರ. ತುಮಕೂರು ಕಡೆಯವನು, ಮುದ್ದೇಬಿಹಾಳಕ್ಕೆ ವರ್ಗವಾಗಿ ಬಂದು ವರ್ಷವಾಗಿತ್ತು. ಬಿಸಿಲಿಗೂ ಇಲ್ಲಿಯ ಖಾರಕ್ಕೂ ಇನ್ನೂ ಬೈಯುತ್ತಿದ್ದ. “ಪಂಚನಾಮೆ ರೆಡಿ ಇದೆ. ನೀವು ಸಹಿ ಹಾಕಿದರಾಯ್ತು.”

ಪಂಚನಾಮೆ ಯಾವಾಗಲೂ ರೆಡಿಯೇ ಇರುತ್ತಿತ್ತು. ಮನೆ ನೋಡಿದ ಮೇಲೆ ಬರೆಯಬೇಕಾದ ಕಾಗದವನ್ನು ಮನೆ ನೋಡುವ ಮೊದಲೇ ಬರೆದಿಡುವುದು ಈ ದಂಧೆಯ ರೂಢಿ. ಇಂದು ಬೆಳಿಗ್ಗೆ ಮುದ್ದೇಬಿಹಾಳದ ಬ್ಯಾಂಕಿನಲ್ಲಿ ಉಪ್ಪಿಟ್ಟು ತಿನ್ನುವ ಹೊತ್ತಿಗೆ ಟೈಪಾಗಿತ್ತು. ಸಾಕ್ಷಿಗೆ ಕರೆತಂದ ಪಂಚರಿಬ್ಬರೂ ಅಲ್ಲಿಯೇ ಕೈ ತೊಳೆದುಕೊಂಡು ಸಹಿ ಹಾಕಿದ್ದರು. ಒಬ್ಬ ಈಗ ಜೀಪಿನಲ್ಲಿ ಮಲಗಿದ್ದ, ಇನ್ನೊಬ್ಬ ಅಡಿಕೆ ಅಗಿಯುತ್ತಿದ್ದ.

ಅರುಣಕುಮಾರ ಓದಿದ. ಎರಡು ಅಂತಸ್ತಿನ ಕಾಂಕ್ರೀಟು ಕಟ್ಟಡ. ಗ್ರಾನೈಟ್ ನೆಲ. ಸೋಫಾ ಸೆಟ್ ಒಂದು. ಫ್ರಿಜ್ ಒಂದು.

ಮೈಬೂಬ ಅವನ ಹೆಗಲ ಮೇಲಿಂದ ಇಣುಕಿದ. ಎರಡು ಖೋಲಿ, ಸೆಗಣಿ ಸಾರಿಸಿದ ನೆಲ, ತಲೆಗೆ ತಾಗುವ ತಗಡು. “ಸಾಹೇಬ್ರ, ಎರಡನೇ ಅಂತಸ್ತಿಗೆ ಹ್ಯಾಂಗ ಹೋಗೂದ್ರಿ? ತಗಡಿನ ಮ್ಯಾಲೆ ನಿಚ್ಚಣಿಕಿ ಹಚ್ಚೂದೇನು?”

ಹೊರಗೆ ನಿಂತ ಪೊಲೀಸಮ್ಮ ಕಿಸಕ್ಕನೆ ನಕ್ಕಳು.

“ಸಾಲ ಕೊಡುವಾಗ ಬೆಲೆ ಕಟ್ಟಿದ ವ್ಯಾಲ್ಯುಯರ್ ಕೊಟ್ಟ ಫೋಟೊ ನೋಡಿ ಟೈಪ್ ಮಾಡಿದ್ದು,” ಎಂದ ಚೇತನಕುಮಾರ. “ಫೋಟೊ ಹೆಚ್ಚುಕಮ್ಮಿ ಆಗಿರಬಹುದು. ನಂಬರ್ ಸರಿ ಇದೆಯಲ್ಲ ಸರ್. ನಮಗೆ ಬೇಕಾಗಿರೋದು ನಂಬರ್.”

ಗೋಡೆಯ ಮೇಲೆ ಬುದ್ಧನ ಕ್ಯಾಲೆಂಡರಿತ್ತು. ಹೊರ್ತಿಯಲ್ಲಿ ಸಾಲಿ ಮಾಸ್ತರರಾಗಿದ್ದ ಅರುಣಕುಮಾರನ ತಂದೆಯೂ ತಮ್ಮ ಮನೆಯಲ್ಲಿ ಅಂಥದ್ದನ್ನೇ ತೂಗುಹಾಕುತ್ತಿದ್ದರು. ಅದರ ಪಕ್ಕ ಕಟ್ಟು ಹಾಕಿಸಿ, ಗಾಜು ಕೂಡಿಸಿದ ಒಂದು ಕಾಗದ. ಅವನು ಮೊಬೈಲಿನ ಬೆಳಕು ಬಿಟ್ಟು ನೋಡಿದ. ಹಕ್ಕುಪತ್ರ. ಆಲಮಟ್ಟಿಯ ಹಿನ್ನೀರಿನಲ್ಲಿ ಊರು ಮುಳುಗಿದವರಿಗೆ ಸರ್ಕಾರ ಜಾಗ ಕೊಟ್ಟ ಕಾಗದ. ಹೆಸರು ಧರೆಪ್ಪ. ಪ್ಲಾಟ್ ನಂಬರ್ ಹನ್ನೆರಡು. ಕೆಳಗೆ ಪಡೆದವರ ಸಹಿ, ಒಂದೊಂದು ಅಕ್ಷರ ಒಂದೊಂದು ಎತ್ತರಕ್ಕೆ, ಕೊನೆಯ ಪ ಒತ್ತು ಅಂಚಿನ ಗೆರೆಯನ್ನು ದಾಟಿ ಹೋಗಿತ್ತು.

“ಇಲ್ಲಿ ಹನ್ನೆರಡು ಅಂತ ಐತಲ್ರಿ,” ಎಂದ.

“ಹಾಗಿದ್ರೆ ಅವರದು ಹನ್ನೆರಡು. ಇದು ನೂರಾ ನಲವತ್ತೇಳು. ಬೇರೆಯವರ ಜಾಗದಲ್ಲಿ ಕೂತಿದ್ದಾರೆ. ನಮಗೇನು ಸರ್?”

ಅಲ್ಲಿಗೇ ನಿಲ್ಲಿಸಬೇಕಿತ್ತು. ಸಾಲಗಾರನಲ್ಲದ ಬೇರೊಬ್ಬರು ವಾಸವಿದ್ದಾರೆ ಎಂದು ಬರೆದು ಕೋರ್ಟಿಗೆ ಕೊಟ್ಟು ಕೈ ತೊಳೆದುಕೊಳ್ಳುವ ದಾರಿಯಿತ್ತು. ಹಾಗೆ ಬರೆದ ಕಮಿಷನರನಿಗೆ ಬ್ಯಾಂಕು ಮುಂದಿನ ಸಲ ಫೋನು ಮಾಡುವುದಿಲ್ಲ, ಅಷ್ಟೆ. ಅವನು ಹೊರಗೆ ಬಂದ. ಮೈಬೂಬ ಹೊಸ ಕೀಲಿ ಜಡಿದ. ಅರುಣಕುಮಾರ ಅದಕ್ಕೆ ಬಟ್ಟೆ ಸುತ್ತಿ, ಮೇಣದಬತ್ತಿಯಲ್ಲಿ ಅರಗು ಕರಗಿಸಿ ಹನಿಸಿದ. ಅರಗು ಬೆರಳಿಗೂ ಹತ್ತಿತು. ಸುಟ್ಟ ಕೂದಲಿನಂಥ ಆ ವಾಸನೆ ಎರಡು ದಿನ ಬಿಡುವುದಿಲ್ಲ. ಊಟ ಮಾಡುವಾಗಲೂ ತುತ್ತಿನೊಡನೆ ಬಾಯಿಗೆ ಬರುತ್ತದೆ.

ಸೀಲು ಒತ್ತುತ್ತಿದ್ದಾಗ ಹಿಂದಿನಿಂದ ದನಿ ಬಂತು.

“ಯಾರ್ರಿ ಯಪ್ಪಾ ನೀವು? ನಮ್ಮ ಮನೀಗೆ ಏನ್ ಮಾಡಾಕತ್ತೀರಿ?”

ಐವತ್ತೈದರ ಹೆಂಗಸು. ಸೀರೆಯ ಮೇಲೆ ಆಲಮಟ್ಟಿ ಉದ್ಯಾನದ ಕೂಲಿಗಳು ತೊಡುವ ಹಸಿರು ಕೋಟು, ಕೈಯಲ್ಲಿ ಕಳೆ ತೆಗೆಯುವ ಕುರ್ಪಿ. ನೆರೆಯವರು ಯಾರೋ ಫೋನು ಮಾಡಿದ್ದರಿಂದ ಕೆಲಸ ಬಿಟ್ಟು ಓಡಿ ಬಂದಿದ್ದಳು.

“ದುರ್ಗವ್ವ ಅಂತ್ರಿ ನನ್ನ ಹೆಸರು. ಧರೆಪ್ಪನ ಹೇಣ್ತಿ. ಅವರು ತೀರಿ ಹನ್ನೆರಡು ವರ್ಷ ಆತು.” ಅರಗನ್ನು ನೋಡಿದಳು. “ಒಳಗ ಕುಕ್ಕರಿನ್ಯಾಗ ಬ್ಯಾಳಿ ಐತ್ರಿ. ಹಳಸತೈತಿ.”

ಚೇತನಕುಮಾರ ಆದೇಶದ ಕಾಗದ ಹಿಡಿದು ಹೇಳಿದ, ಸಾಲ, ಒತ್ತೆ, ವಶ. ಅವಳು ಪೂರ್ತಿ ಕೇಳಿದಳು.

“ಸಾಲ ಯಾರು ತಗೊಂಡ್ರು?”

“ಶಂಕರೆಪ್ಪ ಅಂತ.”

“ಹಂಗಾರ ಅವರ ಮನಿಗೆ ಹೋಗ್ರಿ. ಇಲ್ಲಿಗ್ಯಾಕ ಬಂದ್ರಿ?”

“ನೂರಾ ನಲವತ್ತೇಳು ಅವರ ಹೆಸರಲ್ಲಿದೆ.”

“ಕಾಗದದಾಗ ಐತಿ,” ಎಂದಳು ದುರ್ಗವ್ವ, ಚಿಕ್ಕ ಹುಡುಗರಿಗೆ ತಿಳಿಸುವವಳಂತೆ. “ನೀರು ಬಂದಾಗ ಊರು ಇಲ್ಲಿಗೆ ತಂದ್ರಲ್ರಿ, ಸರ್ಕಾರದವರು ಚೀಟಿ ಎತ್ತಿಸಿದ್ರು. ಯಾರಿಗೆ ಯಾವ ಪ್ಲಾಟ್ ಅಂತ. ನಮ್ಮ ಮನಿಯವರು ಎತ್ತಿದ್ರು, ಹನ್ನೆರಡು ಬಂತು. ದೊಡ್ಡ ರಸ್ತೆ ಮ್ಯಾಲಿಂದು, ಬಸ್ ನಿಲ್ಲೂ ಕಡೆ. ಶಂಕರೆಪ್ಪ ಸಾವಕಾರ್ರಿಗೆ ಇದು ಬಂತು, ಊರ ಹೊರಗ, ಕಾಲಿವಿ ದಂಡಿ. ಆಗ ಹಿರೇರೆಲ್ಲ ಕೂಡಿ ಅಂದ್ರು, ಹಳೇ ಊರಾಗ ಯಾರ್ಯಾರು ಎಲ್ಲೆಲ್ಲಿ ಇದ್ದಿರಿ, ಇಲ್ಲೂ ಹಂಗ ಇರ್ರಿ, ಅದಲು ಬದಲು ಮಾಡಿಕೋರಿ ಅಂತ. ಹಳೇ ಊರಾಗ ನಮ್ಮ ಕೇರಿ ಎಲ್ಲಿತ್ತು, ನಿಮಗ ಹೇಳಬೇಕೇನ್ರಿ? ಹನ್ನೆರಡು ಮುಂಜಾನೆ ಬಂತು, ಸಂಜಿಕೆ ಹೋತು.”

“ಕಾಗದ ಬದಲಿ ಮಾಡಿಸಲಿಲ್ಲೇನು?” ಎಂದು ಕೇಳಿದ ಅರುಣಕುಮಾರ.

“ಹಿರೇರು ಮಾತ ಆಡಿದ ಮ್ಯಾಲೆ ಕಾಗದ ಯಾಕ ಅಂದ್ರು. ಕಾಗದ ಕೇಳಿದವ ಊರು ಒಡಿಯಾಂವ ಅಂದ್ರು.”

“ಈಗ ಹನ್ನೆರಡು ಎಲ್ಲೈತಿ?”

ದುರ್ಗವ್ವ ಗದ್ದ ಎತ್ತಿ ತೋರಿಸಿದಳು. ರಸ್ತೆಯ ತುದಿಗೆ ಹಳದಿ ಬಣ್ಣದ ಎರಡು ಅಂತಸ್ತು, ಗೇಟಿನ ಕಂಬಗಳ ಮೇಲೆ ಸಿಮೆಂಟಿನ ಸಿಂಹದ ಮುಖ. ಅರುಣಕುಮಾರ ಕಡತದಲ್ಲಿನ ಫೋಟೊ ತೆಗೆದ. ಅದೇ ಹಳದಿ, ಅದೇ ಸಿಂಹ. ಶಂಕರೆಪ್ಪ ತಮ್ಮ ಹೆಸರಿನ ನೂರಾ ನಲವತ್ತೇಳರ ಕಾಗದ ಕೊಟ್ಟು, ಹನ್ನೆರಡರ ಮೇಲೆ ಕಟ್ಟಿದ ಬಂಗಲೆ ತೋರಿಸಿ ಸಾಲ ಎತ್ತಿದ್ದರು. ಬಂಗಲೆ ನಿಂತ ಜಾಗ ಕಾಗದದ ಪ್ರಕಾರ ಈ ಹೆಂಗಸಿನ ಗಂಡನದು. ಅವಳು ಬಾಳಿದ ಮನೆ ನಿಂತ ಜಾಗ ಕಾಗದದ ಪ್ರಕಾರ ಶಂಕರೆಪ್ಪನವರದು, ಈಗ ಬ್ಯಾಂಕಿನದು.

“ಇದನ್ನು ಪಾಸ್ ಮಾಡಿದ ವಕೀಲನಿಗೆ ಕಣ್ಣಿರಲಿಲ್ವಾ?” ಚೇತನಕುಮಾರ ಕಡತ ಕಸಿದುಕೊಂಡು ಹಾಳೆ ಮಗುಚಿದ. ಮಗುಚುವುದು ನಿಂತಿತು. ತಲೆಯೆತ್ತಿ ಅರುಣಕುಮಾರನನ್ನು ನೋಡಿದ. ಆಮೇಲೆ ಹಾಳೆಯನ್ನು ಅವನ ಕಡೆ ತಿರುಗಿಸಿ ಹಿಡಿದ.

“ನಾನು ಖುದ್ದಾಗಿ ಸ್ಥಳಕ್ಕೆ ಹೋಗಿ ಪರಿಶೀಲಿಸಿದ್ದು, ಚಕ್ಕುಬಂದಿಯು ದಾಖಲೆಗಳೊಂದಿಗೆ ತಾಳೆಯಾಗುತ್ತದೆ.” ಕೆಳಗೆ ಅರುಣಕುಮಾರನ ಸಹಿ, ಅರುಣಕುಮಾರನ ಮೊಹರು, ಆರು ವರ್ಷದ ಹಿಂದಿನ ತಾರೀಖು.

ಅವನು ಇಲ್ಲಿಗೆ ಬಂದೇ ಇರಲಿಲ್ಲ. ಆ ತಿಂಗಳು ಬ್ಯಾಂಕಿಗೆ, ಸಾಲ ಕೊಡುವ ಮುಂಚೆ ಆಸ್ತಿಯ ದಾಖಲೆ ಸರಿಯಿದೆಯೆಂದು ಹೇಳುವ ನಲವತ್ತೋ ಐವತ್ತೋ ಅಭಿಪ್ರಾಯ ಬರೆದು ಕೊಟ್ಟಿದ್ದ, ಎಲ್ಲದರಲ್ಲೂ ಇದೊಂದು ಸಾಲು ಇದ್ದೇ ಇತ್ತು. ಇದನ್ನು ಬಹುಶಃ ಸಿಂದಗಿಯ ಖಾನಾವಳಿಯಲ್ಲಿ ರೊಟ್ಟಿ ಬರುವವರೆಗೆ ಬರೆದಿದ್ದ. ಹಾಳೆಯ ಮೂಲೆಯಲ್ಲಿ ಎಣ್ಣೆಯ ಬೆರಳಚ್ಚೊಂದು ಹಾಗೇ ಕೂತಿತ್ತು. ಅದನ್ನು ನೋಡಿದವನೇ ಎರಡು ಹೆಜ್ಜೆ ಪಕ್ಕಕ್ಕೆ ಹೋಗಿ ಕಾಲುವೆಯ ಕಡೆ ಉಗುಳಿದ. ಉಗುಳಿದ ಮೇಲೂ ಬಾಯಿ ಕಹಿಯಾಗಿಯೇ ಇತ್ತು.

ಅಷ್ಟರಲ್ಲಿ ಸ್ಕೂಟರ್ ಬಂದು ನಿಂತಿತು.

“ಬಿಸಲಾಗ ಯಾಕ ನಿಂತೀರಿ ಸಾಹೇಬ್ರ? ಮನಿ ಇಲ್ಲೇ ಐತಿ, ಬರ್ರಿ, ಚಾ ಕುಡೀರಿ,” ಎಂದರು ಶಂಕರೆಪ್ಪ. ಮುದ್ದೇಬಿಹಾಳದಲ್ಲಿ ಪೈಪು, ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದವರು. ಅಂಗಡಿ ಮುಚ್ಚಿತ್ತು, ಬಿಳಿ ಧೋತರ, ಉಂಗುರ, ನಗು ಯಾವುದೂ ಕೆಟ್ಟಿರಲಿಲ್ಲ. “ಏ ದುರ್ಗವ್ವ, ನೀ ಅಳಬ್ಯಾಡ. ನಾ ಇದ್ದೇನಿ.”

“ನಾ ಎಲ್ಲಿ ಅಳಾಕತ್ತೇನ್ರಿ?” ಎಂದಳು ದುರ್ಗವ್ವ.

ಬಂಗಲೆಯಲ್ಲಿ ಸೋಫಾ ಇತ್ತು, ಒಂದು. ಫ್ರಿಜ್ಜೂ ಒಂದು. ಪಂಚನಾಮೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ನೆಲದ ಗ್ರಾನೈಟು ಅಂಗಾಲಿಗೆ ತಣ್ಣಗೆ ತಾಗಿ ಅರುಣಕುಮಾರನಿಗೆ ಮೈ ಜುಮ್ಮೆಂದಿತು.

“ವಕೀಲ್ರದ್ದು ಯಾವೂರು?”

“ಹೊರ್ತಿ.”

“ಹೊರ್ತ್ಯಾಗ ಯಾರ ಪೈಕಿ?”

“ಮಾಸ್ತರ ಮಗ. ರೇವಣಪ್ಪ ಮಾಸ್ತರು.”

“ಅಂದ್ರ ಅಡ್ಡಹೆಸರು…?”

ಹೇಳಿದ. ಶಂಕರೆಪ್ಪ “ಛಲೋ ಆತು, ಛಲೋ ಆತು” ಎಂದು ಎರಡು ಸಲ ತಲೆಯಾಡಿಸಿ ಒಳಗೆ ಹೋದರು. ಚಹಾ ಬಂತು. ಚೇತನಕುಮಾರನಿಗೆ ಹೂವಿನ ಚಿತ್ರದ ಕಪ್-ಬಸಿ, ಅರುಣಕುಮಾರನಿಗೆ ಕಾಗದದ ಲೋಟ. ಚೇತನಕುಮಾರ ಗಮನಿಸಲಿಲ್ಲ, ಅಥವಾ ಗಮನಿಸದಿರುವುದನ್ನು ಕಲಿತಿದ್ದ. ಲೋಟದ ಮೇಣ ಕರಗಿ ಚಹಾದ ಮೇಲೆ ತೆಳ್ಳಗೆ ತೇಲುತ್ತಿತ್ತು. ಅರುಣಕುಮಾರ ಅದನ್ನು ಕೆಳಗಿಡಬಹುದಿತ್ತು. ಕುಡಿದ. ಪೂರ್ತಿ ಕುಡಿದ.

ಶಂಕರೆಪ್ಪ ಟ್ರಂಕಿನಿಂದ ಹಳದಿಯಾದ ಛಾಪಾ ಕಾಗದವೊಂದನ್ನು ತಂದು ಟೀಪಾಯಿಯ ಮೇಲೆ ಹರವಿದರು. ಇಪ್ಪತ್ತನಾಲ್ಕು ವರ್ಷದ ಹಿಂದೆ ಕೊಂಡದ್ದು, ಒಂದಕ್ಷರ ಬರೆದಿರದ ಖಾಲಿ ಕಾಗದ.

“ಇಂಥಾವು ನಾಕೈದು ಇಟ್ಟೇನ್ರಿ. ಯಾವಾಗ ಬೇಕಾಗ್ತಾವೋ ಯಾರಿಗೆ ಗೊತ್ತು? ಧರೆಪ್ಪ ಅವಾಗ ನನಗ ಹನ್ನೆರಡು ಬಿಟ್ಟು ಕೊಟ್ಟ, ನಾ ಅವಗ ನೂರಾ ನಲವತ್ತೇಳು ಬಿಟ್ಟು ಕೊಟ್ಟೆ ಅಂತ ಅವಾಗಿನ ತಾರೀಖಿಗೆ ಬರೀರಿ. ಖರೇನ ಐತೆಲ್ಲ? ಸುಳ್ಳು ಬರಿ ಅನ್ನಂಗಿಲ್ಲ ನಾ.”

ಚೇತನಕುಮಾರ ಲೆಕ್ಕ ಹಾಕಿದ. “ಇದಿದ್ರೆ ಬ್ಯಾಂಕು ನೂರಾ ನಲವತ್ತೇಳನ್ನು ಬಿಟ್ಟು, ಒತ್ತೆಯನ್ನು ಹನ್ನೆರಡಕ್ಕೆ ತಿದ್ದಿಕೊಳ್ಳುತ್ತೆ. ಶಂಕರೆಪ್ಪನವರಿಗೆ ಕಂತು ಮರುಹೊಂದಿಸಿ ಕೊಡಬಹುದು. ಆ ಹೆಂಗಸಿಗೆ ಮನೆ ವಾಪಸ್ಸು. ನಿಮ್ಮ ಒಪಿನಿಯನ್ ವಿಷಯಾನೂ ಯಾರೂ ಕೆದಕೋದಿಲ್ಲ ಸರ್. ಇಲ್ಲಾಂದ್ರೆ ನಾನು ಮೇಲಿನವರಿಗೆ ಬರೀಲೇಬೇಕು.”

ನೋಂದಣಿಯಿಲ್ಲದ ಅಂಥ ಕಾಗದಕ್ಕೆ ಕೋರ್ಟಿನಲ್ಲಿ ಮೂರು ಕಾಸಿನ ಕಿಮ್ಮತ್ತಿಲ್ಲ ಎಂದು ಅರುಣಕುಮಾರನಿಗೆ ಗೊತ್ತಿತ್ತು. ಆದರೆ ಬ್ಯಾಂಕಿನ ಕಡತದ ಹೊಟ್ಟೆ ತುಂಬಲು ಅಷ್ಟು ಸಾಕು. ಇಂದು ಇದಕ್ಕೆ ಅವಳ ಕೈ ಬಿದ್ದರೆ ವಾರದೊಳಗೆ ಬಾಗೇವಾಡಿಯ ನೋಂದಣಿ ಕಚೇರಿಯಲ್ಲಿ ಪಕ್ಕಾ ಪತ್ರಕ್ಕೂ ಬೀಳುತ್ತದೆ. ಜೇಬಿನಿಂದ ಪೆನ್ನು ತೆಗೆದ. ಹನ್ನೆರಡು ನಿಮಿಷದಲ್ಲಿ ಬರೆದು ಮುಗಿಸಿದ. ಕೈ ಎಲ್ಲಿಯೂ ತಡವರಿಸಲಿಲ್ಲ. ಅಂಥ ಭಾಷೆ ಅವನ ಕೈಗೆ ಅಷ್ಟು ರೂಢಿಯಾಗಿತ್ತು. ಕೊನೆಗೆ ಎಡಗಡೆ ಒಂದು ಚೌಕ ಎಳೆದು ಕೆಳಗೆ ಬರೆದ: ಬರೆದುಕೊಟ್ಟವರ ಹೆಬ್ಬೆಟ್ಟಿನ ಗುರುತು, ಧರೆಪ್ಪ.

ದುರ್ಗವ್ವನನ್ನು ಕರೆಸಿದರು. ಅವಳು ಗೇಟಿನೊಳಗೆ ಬಂದು, ಕಟ್ಟೆಯ ಮೆಟ್ಟಿಲ ಕೆಳಗೆ ಅಂಗಳದಲ್ಲಿ ನಿಂತಳು. ಮೇಲೆ ಬಾ ಎಂದು ಯಾರೂ ಹೇಳಲಿಲ್ಲ. ಮೈಬೂಬ, ಪೊಲೀಸಮ್ಮ, ನಾಲ್ಕು ಜನ ನೆರೆಯವರು ಗೇಟಿನಾಚೆ ನಿಂತರು.

ಅರುಣಕುಮಾರ ಕಾಗದ ಹಿಡಿದು ಕಟ್ಟೆಯ ಅಂಚಿಗೆ ಬಂದ. ಕಾಗದದಲ್ಲಿ ಏನಿದೆ ಎಂದು ಓದಿ ಹೇಳಿದ.

“ಅವ್ವಾ, ನೋಡು, ಇದಕ್ಕ ಒಪ್ಪಿದ್ರ ಈಗಿಂದೀಗ ಸೀಲ್ ತೆಗೀತೇನಿ. ಇಲ್ಲಂದ್ರ ಕೋರ್ಟಿಗೆ ಹೋಗಬೇಕು. ನಿನ್ನ ಕಡೆ ಕಾಗದ ಐತಿ, ಖರೆ. ಆದ್ರ ಇಷ್ಟು ವರ್ಷ ಇಲ್ಲಿ ಇದ್ದವರು ಇವರು. ಅಲ್ಲಿ ಇದ್ದಾಕಿ ನೀನು. ಕೋರ್ಟ್ ಯಾವುದಕ್ಕ ಬೆಲಿ ಕೊಡತೈತೋ ನಾ ಹೇಳಾಕ ಆಗೂದಿಲ್ಲ. ಹತ್ತು ವರ್ಷ ಹಿಡಿಬಹುದು.”

ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಅದಕ್ಕೇ ಅವನ ಗಂಟಲಿನಲ್ಲಿ ಚಹಾದ ಮೇಣ ಮತ್ತೆ ಮೇಲೆ ಬಂತು.

“ಅಂದ್ರ,” ಎಂದಳು ದುರ್ಗವ್ವ, “ನನ್ನ ಮನಿ ನನಗ ಕೊಡ್ತೀರಿ. ಕೊಟ್ಟಿದ್ದಕ್ಕ ನನ್ನ ಜಾಗಾ ಸಾವಕಾರ್ರಿಗೆ ಕೊಡಬೇಕು.”

“ಹಂಗ ಅನ್ನಬ್ಯಾಡ…”

“ಮತ್ತ ಹ್ಯಾಂಗ ಅನ್ನಲಿ? ಒತ್ತಿ ಇಟ್ಟವರು ಯಾರು?”

“ಸಾವಕಾರ್ರು.”

“ರೊಕ್ಕ ಉಂಡವರು?”

ಗೇಟಿನಾಚೆ ಯಾರೋ ಕೆಮ್ಮಿದರು. ಶಂಕರೆಪ್ಪ ನಕ್ಕರು. “ದುರ್ಗವ್ವ, ಹಳೇ ಮಾತು ಯಾಕ? ನಿನ್ನ ಮಗಳು ಸುಮಂಗಲಾ ಸಿಂದಗ್ಯಾಗ ನರ್ಸಿಂಗ್ ಓದಾಕತ್ತಾಳಲ್ಲ, ಅಕಿ ಫೀ ನಾ ಕಟ್ಟತೇನಿ. ಪೂರಾ. ವಕೀಲ್ರು ನಿಮ್ಮವರ ಅದಾರ, ನಿನಗ ಮೋಸ ಮಾಡ್ತಾರೇನು? ಬಾ, ಧರೆಪ್ಪಂದು ಹೆಬ್ಬೆಟ್ಟು ನೀನ ಒತ್ತಿ ಬಿಡು. ಹೆಬ್ಬೆಟ್ಟಿಗೇನು ಮಾರಿ ಇರತೈತೇನು? ಯಾರ ನೋಡ್ತಾರ?”

ದುರ್ಗವ್ವ ಶಂಕರೆಪ್ಪನವರ ಕಡೆ ತಿರುಗಲೇ ಇಲ್ಲ. ಅರುಣಕುಮಾರನನ್ನೇ ನೋಡಿದಳು.

“ನೀವು ನಮ್ಮವರೇನ್ರಿ?”

ಅವನು ಹೌದೆನ್ನುವಂತೆ ತಲೆಯಾಡಿಸಿದ.

“ಈ ಕಾಗದ ಬರೆದವರೂ ನೀವೇ?”

“ಹೌದು.”

“ಹೆಬ್ಬೆಟ್ಟಿಗೆ ಈ ಚೌಕದ ಮನಿ ಹಾಕಿದವರು?”

ಅವನು ಹೆಬ್ಬೆರಳಿನಿಂದ ಚೌಕವನ್ನು ಮುಚ್ಚಿದ.

“ನಮ್ಮ ಮನಿಯವರು ಹೆಬ್ಬೆಟ್ಟು ಒತ್ತಾವರು ಅಲ್ರಿ. ಸಹಿ ಮಾಡ್ತಿದ್ರು. ರಾತ್ರಿ ಸಾಲಿಗೆ ಹೋಗಿ ನಾಕು ತಿಂಗಳು ಕಲತ್ರು, ಚೀಟಿ ಎತ್ತೂ ದಿನ ಸಹಿ ಮಾಡಬೇಕಂತ. ಬಳಪ ಹಿಡದು ನೆಲದ ಮ್ಯಾಲೆಲ್ಲ ತಮ್ಮ ಹೆಸರು ಬರದಿದ್ರು, ನಾ ಸಾರಿಸಿ ಸಾರಿಸಿ ಸಾಕಾಗಿದ್ದೆ.” ದನಿ ಏರಿರಲಿಲ್ಲ. “ಮನಿ ಒಳಗ ಹೋಗಿದ್ರೆಲ್ಲ. ಗ್ವಾಡಿ ಮ್ಯಾಲೆ ನೋಡಲಿಲ್ಲೇನ್ರಿ?”

ನೋಡಿದ್ದ. ಬೆಳಕು ಬಿಟ್ಟು ನೋಡಿದ್ದ. ಆಮೇಲೂ ಧರೆಪ್ಪ ಎಂಬ ಹೆಸರಿಗೆ ಅವನ ಕೈ ತಾನಾಗಿ ಚೌಕ ಎಳೆದಿತ್ತು. ಅವನ ತಂದೆ ಹೊರ್ತಿಯ ಕೇರಿಯಲ್ಲಿ ನಡೆಸುತ್ತಿದ್ದ ರಾತ್ರಿ ಸಾಲಿಯಲ್ಲಿ ಇಂಥ ಎಷ್ಟು ಜನ ನೆಲದ ಮೇಲೆ ಹೆಸರು ತಿದ್ದಿರಲಿಕ್ಕಿಲ್ಲ. ಕಾಗದದ ಲೋಟ ಕೊಟ್ಟವರಿಗೂ ತನಗೂ ಎಷ್ಟು ವ್ಯತ್ಯಾಸ ಎಂದು ಅಳೆಯಲು ಹೋದ ಅವನಿಗೆ ಅಳತೆ ಸಿಗಲಿಲ್ಲ.

“ಸರ್, ಟೈಮ್,” ಎಂದ ಚೇತನಕುಮಾರ ಹಿಂದಿನಿಂದ. ಮಸಿಯ ಡಬ್ಬಿಯನ್ನು ಅರುಣಕುಮಾರನ ಕೈಗಿಟ್ಟ.

ಡಬ್ಬಿಯ ಮುಚ್ಚಳ ತೆಗೆದೇ ಇತ್ತು. ಅವನು ಅದನ್ನು ಹಿಡಿದುಕೊಂಡು ಬಗ್ಗಿದ. ಬೆರಳಲ್ಲಿ ಅರಗಿನ ವಾಸನೆ, ಕೆಳಗೆ ಮಸಿಯದು. ಬೇಡವೆಂದು ಒಳಗೆ ಯಾರೋ ಅನ್ನುತ್ತಿದ್ದರೂ ಬಾಯಿ ತನ್ನ ಕೆಲಸ ಮಾಡಿತು.

“ಅವ್ವಾ, ಇವತ್ತ ರಾತ್ರಿ ಎಲ್ಲಿ ಮಲಗ್ತಿ? ಅದನ್ನರ ವಿಚಾರ ಮಾಡು.”

ದುರ್ಗವ್ವ ಕುರ್ಪಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೆಟ್ಟಿಲು ಏರಿದಳು, ಒಂದು, ಎರಡು, ಮೂರು. ಶಂಕರೆಪ್ಪ “ಏ, ಏ” ಎನ್ನುತ್ತ ಎದ್ದರು. ಅವಳು ಅವರ ಪಕ್ಕದಿಂದಲೇ ಹೋಗಿ ಕಟ್ಟೆಯ ಮೇಲೆ, ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಹಸಿರು ಕೋಟಿನ ಗುಂಡಿ ಬಿಚ್ಚಿ ಸೆರಗಿನಿಂದ ಮುಖ ಒರೆಸಿಕೊಂಡಳು.

“ಇದು ಹನ್ನೆರಡು ಅಲ್ಲೇನ್ರಿ?” ಎಂದಳು. “ಇಲ್ಲೇ ಮಲಗ್ತೇನಿ.”

ಅರುಣಕುಮಾರ ಮಸಿಯ ಡಬ್ಬಿಯನ್ನು ಇನ್ನೂ ಚಾಚಿಕೊಂಡೇ ಇದ್ದ.

“ಅದನ್ನ ಮುಚ್ಚಿ ಇಡ್ರಿ,” ಎಂದಳು ದುರ್ಗವ್ವ. “ನಾ ಒತ್ತೂದಿಲ್ಲ.”